ಮೀನಿನ ಹಳೆಯ ಗಾಜುತೊಟ್ಟಿಯನ್ನು ಕೊಳ್ಳುವುದೂ ಸಾಗಿಸುವುದೂ

ಪಟ್ಟಣವಾಸಿಗಳಲ್ಲಿ ಅನೇಕರು ಮನೆಯ ಹಜಾರದಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಬಣ್ಣದ ಮೀನುಗಳನ್ನು ಸಾಕುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಅಂಥವರಿಗೆ ಬೇರೆ ಊರಿಗೆ ವರ್ಗವಾದಾಗಲೂ, ಬಾಡಿಗೆಯ ಮನೆಯನ್ನು ಬದಲಿಸಬೇಕಾದಾಗಲೂ, ಮಕ್ಕಳು ಬೆಳೆದು ಮೀನಿನ ಮೇಲಣ ಆಸೆ ತೀರಿದಾಗಲೂ, ಆ ತೊಟ್ಟಿಯನ್ನು ಮೀನು, ಪಂಪು, ದೀಪ, ಪೀಠಗಳ ಸಮೇತ ಅರ್ಧ ಬೆಲೆಗೋ ಅದಕ್ಕೂ ಕಡಿಮೆಗೋ ಮಾರಿಬಿಡುವುದುಂಟು. ಹಳ್ಳಿಯ ಜಮೀನುದಾರರು ತಮ್ಮ ಮನೆಯ ಮಕ್ಕಳಿಗಾಗಿಯೋ, ಊರಿನ ಪಾಠಶಾಲೆಗೆ ಕೊಡುವುದಕ್ಕಾಗಿಯೋ ಇಂಥ ತೊಟ್ಟಿಯನ್ನು ಕೊಂಡು ತರುತ್ತಾರೆ. ಆದರೆ ಬಹಳ ಸಲ ಆಗುವುದೇನೆಂದರೆ, ಮೀನುಗಳು ದಾರಿಯಲ್ಲಿ ಯಾವ ಕೇಡೂ ಇಲ್ಲದೆ ಕ್ಷೇಮವಾಗಿ ಊರು ಸೇರಿ, ಮೂರು ನಾಲ್ಕು ದಿನ ಚೆನ್ನಾಗಿ ಓಡಾಡಿಕೊಂಡಿದ್ದು, ಆ ಬಳಿಕ ಒಂದೊಂದಾಗಿ ಮೇಲಕ್ಕೆ ಬಂದು ಬಾಯಿ ಬಿಟ್ಟು ಸಾಯತೊಡಗುತ್ತವೆ. ವಾರ ತುಂಬುವುದರೊಳಗೆ ತೊಟ್ಟಿ ಬರಿದಾಗುತ್ತದೆ. ಮನೆಯವರು ಊರಿನ ನೀರು ಒಗ್ಗಲಿಲ್ಲವೆಂದು ಹೇಳಿ ಸುಮ್ಮನಾಗುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಊರಿನ ನೀರಿನದಲ್ಲ. ಕೊಂಡ ಪದಾರ್ಥಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದನ್ನು ಕಸವೆಂದು ತಿಳಿದು ತೊಳೆದು ಚೆಲ್ಲಿದ್ದೇ ಅದಕ್ಕೆ ಕಾರಣ.

ಆ ಪದಾರ್ಥವು ಯಾವುದೆಂಬುದನ್ನು ಗದ್ದೆಯ ಉದಾಹರಣೆಯಿಂದ ತಿಳಿಯುವುದು ಸುಲಭ. ಹೊಲಕ್ಕೆ ಕೊಟ್ಟಿಗೆ ಗೊಬ್ಬರವನ್ನಾಗಲಿ ಅಮೋನಿಯಂ ಸಲ್ಫೇಟನ್ನಾಗಲಿ ಹಾಕಿದಾಗ, ಅದರಲ್ಲಿರುವ ಅಮೋನಿಯವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಮಳೆಯಾಶ್ರಯದ ಪೈರುಗಳು ಸಾರಜನಕವನ್ನು ಹೆಚ್ಚಾಗಿ ಹೀರುವುದು ಈ ನೈಟ್ರೇಟಿನ ರೂಪದಲ್ಲಿಯೇ. ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿಯು ಈ ಜೀವಿಗಳನ್ನು 1890ರ ಸುಮಾರಿನಲ್ಲಿ ಬೇರ್ಪಡಿಸಿ ತೋರಿಸಿದನು. ಮೀನಿನ ತೊಟ್ಟಿಯಲ್ಲಿ ನಡೆಯುವುದೂ ಇದೇ ಕಾರ್ಯ. ಮೀನುಗಳು ತಮ್ಮ ಕಿವಿರುಗಳಿಂದ ಎಡೆಬಿಡದೆ ಅಮೋನಿಯವನ್ನು ಹೊರಕ್ಕೆ ಬಿಡುತ್ತಿರುತ್ತವೆ. ಅವುಗಳ ಮಲದಿಂದಲೂ, ತಿನ್ನದೆ ಉಳಿದ ಆಹಾರ ಕೊಳೆಯುವುದರಿಂದಲೂ ಅದು ಹೆಚ್ಚುತ್ತದೆ. ಅಮೋನಿಯವು ಮೀನಿಗೆ ಘೋರವಾದ ವಿಷ, ನೈಟ್ರೈಟೂ ವಿಷವೇ. ನೈಟ್ರೇಟು ಮಾತ್ರ ಬಹುಮಟ್ಟಿಗೆ ನಿರಪಾಯವಾದುದು. ಮೊದಲೆರಡನ್ನು ಮೂರನೆಯದಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ತೊಟ್ಟಿಯಲ್ಲಿ ನೆಲೆಗೊಳ್ಳುವುದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅವು ತೇಲಾಡುವ ಜೀವಿಗಳಲ್ಲ. ಶೋಧಕದ ಸ್ಪಂಜಿಗೂ, ತಳದ ಸಣ್ಣ ಕಲ್ಲುಗಳಿಗೂ, ಗಾಜಿನ ಒಳಮೈಗೂ ಲೋಳೆಯಂತೆ ಅಂಟಿಕೊಂಡಿರುತ್ತವೆ. ನೀರಿನಲ್ಲಿರುವುದು ಅತ್ಯಲ್ಪ.

ಹಳೆಯ ತೊಟ್ಟಿಯನ್ನು ಕೊಳ್ಳುವವರು ಸಾಧಾರಣವಾಗಿ ಮಾಡುವುದೇನು? ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಕೊಳಕಾಗಿ ಕಾಣುವುದರಿಂದ ಅದನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿ, ಕಲ್ಲುಗಳನ್ನು ಸೋಪಿನ ಪುಡಿಯಿಂದ ಉಜ್ಜಿ, ಎಲ್ಲವನ್ನೂ ಬಿಸಿಲಿನಲ್ಲಿ ಒಣಗಿಸಿ, ಶುಭ್ರವಾದ ತೊಟ್ಟಿಗೆ ಶುಭ್ರವಾದ ನೀರನ್ನು ತುಂಬಿ ಮೀನುಗಳನ್ನು ಬಿಡುತ್ತಾರೆ. ಬೀಜದ ಭತ್ತವನ್ನು ಬೇಯಿಸಿ ಬಿತ್ತಿದಂತಾಯಿತು. ಬಳಿಕ ಅಮೋನಿಯವು ದಿನದಿನಕ್ಕೆ ಸೇರುತ್ತಾ ಹೋಗಿ ನಾಲ್ಕನೆಯ ದಿನಕ್ಕೋ ಐದನೆಯ ದಿನಕ್ಕೋ ಮಾರಕವಾದ ಮಟ್ಟವನ್ನು ಮುಟ್ಟುತ್ತದೆ.

ಗಾಜಿನ ತೊಟ್ಟಿಯ ಚರಿತ್ರೆಯಲ್ಲಿಯೂ ಇಂಥದೇ ಒಂದು ತಪ್ಪು ತಿಳಿವಳಿಕೆ ಉಂಟು. ಮೀನುಗಳನ್ನು ಕೊಳಗಳಲ್ಲಿ ಪೋಷಿಸಿ ನೋಡಿ ಸಂತೋಷಪಡುವುದು ಈ ದೇಶಕ್ಕೆ ಹೊಸದೇನಲ್ಲ; ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೀನುಗಳ ಜಾತಿಗಳನ್ನೂ ಅವುಗಳಿಗೆ ಹಾಕತಕ್ಕ ಆಹಾರವನ್ನೂ ವಿವರಿಸಿರುವನು. ಆದರೆ ಗಾಜಿನೊಳಗೆ ಮೀನು, ಗಿಡ, ಬಸವನಹುಳುಗಳನ್ನು ಒಟ್ಟಿಗೆ ಇಟ್ಟು ನೀರನ್ನು ಬದಲಿಸದೆ ಸಾಕಬಹುದೆಂಬುದನ್ನು ಪ್ರಯೋಗದಿಂದ ತೋರಿಸಿದವನು ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್, ಅದು 1850ರಲ್ಲಿ. 1853ರಲ್ಲಿ ಆ ನಗರದ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆಯೊಂದು ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬವನು ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ಬಳಕೆಗೆ ಬಂದಿತು. ಅಂದಿನವರು ನೀರನ್ನು ಶುದ್ಧವಾಗಿಡುವುದು ಹಸುರು ಗಿಡಗಳೇ ಎಂದು ನಂಬಿದ್ದರು. ಗಿಡಗಳ ಸಹಾಯವಿರುವುದು ನಿಜ. ಕಣ್ಣಿಗೆ ಕಾಣದ ಕೆಲಸಗಾರರ ಪಾಲು ಮಾತ್ರ ಬಹುಕಾಲ ಮರೆಯಾಗಿಯೇ ಇದ್ದಿತು. ತೊಟ್ಟಿಗಳಲ್ಲಿ ನೈಟ್ರೈಟನ್ನು ಮಾರ್ಪಡಿಸುವುದು ಮುಖ್ಯವಾಗಿ ನೈಟ್ರೊಸ್ಪೈರ ಎಂಬ ಜಾತಿಯೆಂಬುದು ತಿಳಿದುಬಂದದ್ದು 1998ರಲ್ಲಿ.

ಇನ್ನು ಕೊಳ್ಳುವ ವಿಚಾರ. ಬೆಲೆಯ ಮಾತನ್ನಾಡುವುದಕ್ಕೆ ಮುಂಚೆ ತೊಟ್ಟಿಯು ನೀರು ತುಂಬಿ ನಡೆಯುತ್ತಿರುವ ಸ್ಥಿತಿಯಲ್ಲಿಯೇ ಅದನ್ನು ನೋಡಬೇಕು. ಎತ್ತನ್ನು ಜಾತ್ರೆಯಲ್ಲಿ ನಡೆಯಿಸಿ ನೋಡದೆ ಯಾರೂ ಕೊಳ್ಳುವುದಿಲ್ಲವಷ್ಟೆ. ಖಾಲಿಯಾಗಿ ಆರು ತಿಂಗಳು ಅಟ್ಟದ ಮೇಲೆ ಬಿದ್ದಿದ್ದ ತೊಟ್ಟಿಯ ಮೂಲೆಗಳಲ್ಲಿ ಗಾಜನ್ನು ಅಂಟಿಸಿರುವ ಸಿಲಿಕೋನ್ ಅಂಟು ಎದ್ದುಬಂದಿರುವ ಸಂಭವವುಂಟು. ಅಂಥದನ್ನು ಕೊಳ್ಳಲೇಬೇಕಾದಲ್ಲಿ, ಮನೆಯ ಹೊರಗೆ ಸಮವಾದ ಜಾಗದಲ್ಲಿ ಕೆಳಗೆ ಒಣ ಕಾಗದವನ್ನು ಹಾಸಿ, ಪೂರ್ತಿ ನೀರು ತುಂಬಿ, 24 ಗಂಟೆಗಳ ಕಾಲ ಬಿಟ್ಟು ಕಾಗದವು ನೆನೆಯುವುದೋ ಇಲ್ಲವೋ ಎಂಬುದನ್ನು ನೋಡುವುದು. ಅಂಚು ಮುಕ್ಕಾಗಿದ್ದರೆ ಅದೊಂದು ಸಣ್ಣ ಕುಂದು. ಗಾಜಿನ ನಡುವೆ ಕೂದಲೆಳೆಯಷ್ಟು ಬಿರುಕಿದ್ದರೂ ಅದನ್ನು ಬಿಟ್ಟು ಬರುವುದೇ ಯುಕ್ತ.

ಮೀನುಗಳನ್ನು ನೋಡುವಾಗ ಅವುಗಳ ಬಣ್ಣಕ್ಕಿಂತ ನಡೆಯನ್ನು ನೋಡಬೇಕು. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆಯಲ್ಲಿ ನಿಂತಿರುವ ಮೀನು, ಹೊಟ್ಟೆ ಒಳಕ್ಕೆ ಸೇದಿಹೋದ ಮೀನು, ಮೈಮೇಲೆ ಉಪ್ಪಿನ ಹರಳನ್ನು ಚೆಲ್ಲಿದಂತೆ ಬಿಳಿಯ ಚುಕ್ಕೆಗಳುಳ್ಳ ಮೀನು, ಇವುಗಳಿದ್ದ ತೊಟ್ಟಿಯಲ್ಲಿ ರೋಗವಿದೆಯೆಂದು ತಿಳಿಯಬೇಕು. ಬಿಳಿ ಚುಕ್ಕೆಯ ರೋಗವು ಸಾಗಾಟದ ಆಯಾಸದಿಂದ ಉಲ್ಬಣಿಸಿ ಒಂದರಿಂದ ಎಲ್ಲಕ್ಕೂ ಹರಡುವುದು. ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳೂ ಕೆಲವಿವೆ: ತೊಟ್ಟಿ ಎಷ್ಟು ಕಾಲದಿಂದ ನಡೆಯುತ್ತಿದೆ, ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತಿದ್ದರು, ಕಡೆಯ ಮೀನು ಸತ್ತದ್ದು ಯಾವಾಗ, ತಾಮ್ರ ಬೆರೆತ ಔಷಧವನ್ನು ಎಂದಾದರೂ ಹಾಕಿದ್ದರೇ, ನಲ್ಲಿಯ ನೀರೋ ಕೊಳವೆ ಬಾವಿಯ ನೀರೋ. ತಾಮ್ರವು ಕಲ್ಲಿನಲ್ಲಿ ಹೀರಿಕೊಂಡಿದ್ದು ಬಸವನಹುಳು, ಸಿಗಡಿಗಳನ್ನು ಬಹುಕಾಲದ ಮೇಲೂ ಕೊಲ್ಲಬಲ್ಲದು. ಸಂಸಾರಸ್ಥರು ಸಾಮಾನ್ಯವಾಗಿ ನಿಜವನ್ನೇ ಹೇಳುತ್ತಾರೆ. ಕೇಳುವವರು ಇರುವುದಿಲ್ಲ, ಅಷ್ಟೆ.

ನೀರನ್ನು ಬಹುಕಾಲ ಬದಲಿಸದೆ, ಆರಿಹೋದಷ್ಟನ್ನು ಮಾತ್ರ ಮೇಲಿನಿಂದ ಸುರಿಯುತ್ತಾ ಬಂದಿದ್ದರೆ, ಆ ತೊಟ್ಟಿಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅಂಥ ನೀರು ನಿಧಾನವಾಗಿ ಆಮ್ಲಗುಣಕ್ಕೆ ತಿರುಗಿರುತ್ತದೆ. ಆಮ್ಲದಲ್ಲಿ ಅಮೋನಿಯವು ಅಮೋನಿಯಂ ಎಂಬ ಸೌಮ್ಯರೂಪದಲ್ಲಿ ಅಡಗಿರುವುದರಿಂದ ಮೀನುಗಳು ಹೇಗೋ ಬದುಕಿರುತ್ತವೆ. ಇವನ್ನು ತಂದು ಹೊಸ ಗಡಸು ನೀರಿಗೆ ಒಮ್ಮೆಗೇ ಬಿಟ್ಟಲ್ಲಿ ತತ್ತರಿಸುವುವು. ಹಳೆಯ ನೀರಿಗೆ ಕ್ಷಾರಗುಣದ ಹೊಸ ನೀರನ್ನು ಒಮ್ಮೆಗೇ ಸುರಿದರಂತೂ ಅಡಗಿದ್ದ ವಿಷವು ಕ್ಷಣಮಾತ್ರದಲ್ಲಿ ಎಚ್ಚರಗೊಳ್ಳುವುದು. ಇದಕ್ಕೆ ಉಪಾಯವೆಂದರೆ ಕೊಳ್ಳುವ ಒಪ್ಪಂದವಾದ ಮೇಲೆ ಹದಿನೈದು ದಿನ ಕಾಯುವುದು. ಆ ಅವಧಿಯಲ್ಲಿ ಎರಡು ದಿನಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ಬದಲಿಸುವಂತೆ ಮಾರುವವರನ್ನು ಕೇಳಿಕೊಳ್ಳತಕ್ಕದ್ದು. ಮುಂಗಡ ಕೊಟ್ಟವರ ಮಾತನ್ನು ನಡೆಸಿಕೊಡಲು ಹೆಚ್ಚಿನವರು ಒಪ್ಪುತ್ತಾರೆ.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಮೈಸೂರಿನಲ್ಲಿ ಕೊಂಡ ತೊಟ್ಟಿಯೊಂದನ್ನು ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಹಳ್ಳಿಗೆ ಸಾಮಾನು ಸಾಗಿಸುವ ಆಟೋದಲ್ಲಿ ಒಯ್ಯಬೇಕಾಗಿದೆ. ತೊಟ್ಟಿಯ ಉದ್ದ 3 ಅಡಿ, ಅಗಲ 1 ಅಡಿ, ಎತ್ತರ ಒಂದೂವರೆ ಅಡಿ. ಇದರ ಘನ ಅಳತೆ ನಾಲ್ಕೂವರೆ ಘನ ಅಡಿ, ಎಂದರೆ ಸುಮಾರು 127 ಲೀಟರ್. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಮೇಲ್ಗಡೆ ಎರಡು ಅಂಗುಲ ಬಿಟ್ಟು ತುಂಬಿದರೂ ನೀರು, ಕಲ್ಲು, ಗಾಜು ಎಲ್ಲವೂ ಕೂಡಿ ಒಂದೂವರೆ ಕ್ವಿಂಟಲ್ ಸಮೀಪಕ್ಕೆ ಬರುತ್ತದೆ; 75 ಕಿಲೋಗ್ರಾಂ ತೂಕದ ಎರಡು ಮೂಟೆ ಭತ್ತದಷ್ಟು. ಹೀಗಿರುವಲ್ಲಿ ನಾಲ್ಕು ಆಳುಗಳು ನೀರು ಸಮೇತ ಎತ್ತಿಕೊಂಡು ಹೋಗಬಹುದೆಂಬ ಯೋಚನೆಯನ್ನು ಮನಸ್ಸಿಗೇ ತರಕೂಡದು. ಕಾಲುಭಾಗ ನೀರನ್ನು ಉಳಿಸಿಕೊಂಡು ಎತ್ತುವುದೂ ಅಪಾಯವೇ. ನೀರು ಒಂದು ಕಡೆಗೆ ತುಳುಕಿದಾಗ ಮೂಲೆಯ ಅಂಟು ಬಿಡುವುದು. ಕಲ್ಲುಗಳನ್ನೂ ತೆಗೆದು ಬರಿಯ ಗಾಜನ್ನು ಮಾತ್ರ, ತಳವನ್ನು ಇಬ್ಬರು ಹಿಡಿದು ಎತ್ತತಕ್ಕದ್ದು. ಮೇಲಿನ ಅಂಚನ್ನು ಹಿಡಿದು ಎತ್ತಕೂಡದು.

ಹೊರಡುವುದಕ್ಕೆ ಮುಂಚೆ ಒಂದು ದಿನ ಮೀನುಗಳಿಗೆ ಆಹಾರ ಹಾಕಬಾರದು. ಕೆರೆಗೆ ಬಿಡಲು ಮೀನುಮರಿಗಳನ್ನು ತಂದ ಅನುಭವವುಳ್ಳವರಿಗೆ ಇದು ಗೊತ್ತು. ಸಾಕಣೆ ಕೇಂದ್ರಗಳಲ್ಲಿ ಮರಿಗಳನ್ನು ಚೀಲಕ್ಕೆ ತುಂಬುವ ಮೊದಲು ಅವುಗಳ ಹೊಟ್ಟೆ ಬರಿದಾಗಲೆಂದು ಉಪವಾಸವಿರಿಸುತ್ತಾರೆ. ಹಸಿದ ಮೀನು ಚೀಲದ ನೀರನ್ನು ಕೆಡಿಸುವುದು ಕಡಿಮೆ. ಒಂದೆರಡು ದಿನದ ಉಪವಾಸದಿಂದ ಬೆಳೆದ ಮೀನಿಗೆ ಯಾವ ತೊಂದರೆಯೂ ಇಲ್ಲ.

ಹೊರಡುವ ಹೊತ್ತು ಬೆಳಗಿನ ಜಾವವಾಗಿರಬೇಕು. 20 ಡಿಗ್ರಿ ಸೆಂಟಿಗ್ರೇಡಿನ ನೀರು ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯಬಲ್ಲದು. ಅತ್ತ ಬಿಸಿ ನೀರಿನಲ್ಲಿ ಮೀನಿನ ಉಸಿರಾಟವೋ ಇನ್ನೂ ಹೆಚ್ಚುತ್ತದೆ. ಚೈತ್ರ ವೈಶಾಖದ ಮಧ್ಯಾಹ್ನ ತಗಡಿನ ಗಾಡಿಯಲ್ಲಿಟ್ಟ ಚೀಲದೊಳಗಿನ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು.

ಬಿಚ್ಚುವ ಕ್ರಮ ಹೀಗೆ. ನೀರನ್ನು ಬಿಸಿಮಾಡುವ ಸಾಧನವಿದ್ದರೆ ಅದರ ವಿದ್ಯುತ್ತನ್ನು ಅರ್ಧ ಗಂಟೆ ಮೊದಲೇ ತೆಗೆಯತಕ್ಕದ್ದು. ಬಿಸಿಯಾಗಿರುವಾಗಲೇ ನೀರಿನಿಂದ ಹೊರಗೆ ಬಂದರೆ ಅದರ ಗಾಜು ಒಡೆಯುವುದು. ಬಳಿಕ, ಕಲ್ಲನ್ನು ಕದಡುವುದಕ್ಕೆ ಮೊದಲೇ, ಮೇಲಿನ ತಿಳಿನೀರನ್ನು ಕೊಳವೆಯಿಂದ 20 ಲೀಟರಿನ ಮೂರು ನಾಲ್ಕು ಕ್ಯಾನುಗಳಿಗೆ ಇಳಿಸಿಕೊಳ್ಳಬೇಕು. ಈ ನೀರನ್ನು ಒಯ್ಯುವುದು ಸೂಕ್ಷ್ಮಜೀವಿಗಳಿಗಾಗಿ ಅಲ್ಲ. ಮೀನಿಗೆ ರೂಢಿಯಾದ ನೀರಿನ ಗುಣವು ಒಮ್ಮೆಗೇ ಬದಲಾಗದಿರಲೆಂದು. ನೀರು ಅರ್ಧಕ್ಕಿಂತ ಕಡಿಮೆಯಾದ ಮೇಲೆ ಗಿಡಗಳನ್ನು ತೆಗೆದು, ಎರಡು ಚಿಕ್ಕ ಬಲೆಗಳಿಂದ ಮೀನುಗಳನ್ನು ಹಿಡಿಯುವುದು ಸುಲಭ. ತುಂಬಿದ ತೊಟ್ಟಿಯಲ್ಲಿ ಒಂದು ಬಲೆಯಿಂದ ಅಟ್ಟಾಡಿಸುವುದರಿಂದ ಮೀನಿನ ಮೈಯ ಲೋಳೆ ಉಜ್ಜಿಹೋಗಿ ರೋಗಕ್ಕೆ ದಾರಿಯಾಗುತ್ತದೆ.

ಮೀನುಗಳನ್ನು ಹಾಕುವ ಚೀಲದಲ್ಲಿ ಮೂರನೆಯ ಒಂದು ಪಾಲು ನೀರು, ಎರಡು ಪಾಲು ಗಾಳಿ ಇರಬೇಕು. ನೀರು ಹೆಚ್ಚಾದಷ್ಟೂ ಒಳ್ಳೆಯದೆಂದು ಕಂಠಮಟ್ಟ ತುಂಬುವುದು ಬಹು ಸಾಮಾನ್ಯವಾದ ತಪ್ಪು; ಮೀನಿಗೆ ಬೇಕಾದ ಆಮ್ಲಜನಕವಿರುವುದು ಹೆಚ್ಚಾಗಿ ಮೇಲಣ ಗಾಳಿಯಲ್ಲಿ. ಗೌರಾಮಿ, ಬೆಟ್ಟ ಮುಂತಾದ ಜಾತಿಗಳು ಊರ ಕೆರೆಯ ಕೊರಮೀನಿನಂತೆ ಮೇಲಕ್ಕೆ ಬಂದು ಗಾಳಿಯನ್ನೇ ಕುಡಿಯುವುದರಿಂದ ಅವುಗಳಿಗಂತೂ ಗಾಳಿಯ ಜಾಗ ಬೇಕೇಬೇಕು. ಚೀಲದೊಳಗೊಂದು ಚೀಲವನ್ನಿಟ್ಟು, ತಳದ ಮೂಲೆಗಳನ್ನು ಮಡಿಸಿ ಕಟ್ಟಿದರೆ ಸಣ್ಣ ಮೀನುಗಳು ಮೂಲೆಯಲ್ಲಿ ಸಿಕ್ಕಿ ನಜ್ಜುಗುಜ್ಜಾಗುವುದಿಲ್ಲ. ಮುಳ್ಳುಳ್ಳ ಮೀಸೆಮೀನುಗಳು ಚೀಲವನ್ನು ಚುಚ್ಚಿ ಹರಿಯುವುದರಿಂದ ಅವನ್ನು ಮುಚ್ಚಳವಿರುವ ಬಕೀಟಿನಲ್ಲಿ ಒಯ್ಯತಕ್ಕದ್ದು. ಎಲ್ಲವನ್ನೂ ತರ್ಮಾಕೋಲಿನ ಪೆಟ್ಟಿಗೆಯಲ್ಲಾಗಲಿ, ಒದ್ದೆ ಗೋಣಿಯನ್ನು ಹೊದಿಸಿದ ಬುಟ್ಟಿಯಲ್ಲಾಗಲಿ ಕತ್ತಲಾಗಿ ಇಡುವುದು. ಕತ್ತಲಲ್ಲಿ ಮೀನುಗಳು ಶಾಂತವಾಗಿರುತ್ತವೆ.

ಬಕೀಟಿನ ಮಾತು ಬಂದುದರಿಂದ ಇಲ್ಲಿಯೇ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ರೈತರ ಮನೆಗಳಲ್ಲಿ ಕೀಟನಾಶಕವನ್ನು ಕಲಸಿದ ಬಕೀಟುಗಳಿರುವುದು ಸಹಜ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮೊದಲಾದ ಔಷಧಗಳು ಮನುಷ್ಯರಿಗೆ ಅಷ್ಟಾಗಿ ಬಾಧಕವಲ್ಲವೆನಿಸಿದರೂ ಮೀನಿಗೆ ಅತ್ಯಂತ ಮಾರಕವಾದುವು. ಮೂರು ಸಲ ತೊಳೆದ ಬಕೀಟಿನಲ್ಲಿ ಉಳಿದ ಲೇಶಮಾತ್ರವೂ ಒಂದು ತೊಟ್ಟಿಯ ಮೀನುಗಳಿಗೆ ಸಾಕಾಗಬಹುದು. ಆದಕಾರಣ ಹೊಸ ಬಕೀಟನ್ನೇ ಕೊಂಡು, ಅದರ ಮೇಲೆ ಗುರುತು ಹಾಕಿ, ಮೀನಿನ ಕೆಲಸಕ್ಕೆ ಹೊರತು ಬೇರೆ ಯಾವುದಕ್ಕೂ ಮುಟ್ಟದಂತೆ ಇಡತಕ್ಕದ್ದು. ಸಿಂಪಡಣೆ ಮುಗಿಸಿ ಬಂದ ಕೈಯನ್ನು ತೊಟ್ಟಿಗೆ ಅದ್ದಕೂಡದು. ಔಷಧದ ಡಬ್ಬಿಗಳಿರುವ ಕೋಣೆಯಲ್ಲಿ ತೊಟ್ಟಿಯನ್ನಿಡುವುದೂ, ಅದರ ಬಳಿ ಸೊಳ್ಳೆಯ ಔಷಧವನ್ನು ಎರಚುವುದೂ ಸಲ್ಲದು. ಗಾಳಿಯ ಪಂಪು ಆ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತದೆಯಲ್ಲವೆ?

ಶೋಧಕದ ಸ್ಪಂಜನ್ನು ಹಿಂಡದೆ, ತೊಳೆಯದೆ, ತೊಟ್ಟಿಯ ನೀರೇ ಇರುವ ಬೋಗುಣಿಯಲ್ಲಿ ಅದ್ದಿ, ಮುಚ್ಚಳವನ್ನು ಸಡಿಲವಾಗಿಟ್ಟು ಒಯ್ಯಬೇಕು. ಅದರ ಮೇಲಿರುವ ಜೀವಿಗಳಿಗೂ ಆಮ್ಲಜನಕ ಬೇಕು. ಮುಚ್ಚಿದ ಡಬ್ಬಿಯ ಶೋಧಕವನ್ನು ಹಾಗೆಯೇ ಹಲವು ಗಂಟೆ ಬಿಟ್ಟರೆ ಅವು ಉಸಿರುಕಟ್ಟಿ ಸಾಯುತ್ತವೆ. ಕಲ್ಲುಗಳನ್ನು ಅದೇ ತೊಟ್ಟಿಯ ಹಳೆಯ ನೀರಿನಲ್ಲಿ ಒಂದೆರಡು ಸಲ ಅಲುಗಿಸಿ ಕೆಸರನ್ನು ಚೆಲ್ಲಿ, ತೇವವಾಗಿಯೇ ತುಂಬಿಕೊಳ್ಳುವುದು. ಆಳವಾಗಿ ಮರಳು ಹಾಕಿದ್ದ ತೊಟ್ಟಿಯಲ್ಲಿ ತಳದ ಪದರವು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬೀರಿದರೆ ಆ ಮರಳನ್ನು ಅಲ್ಲಿಯೇ ಬಿಟ್ಟುಬಿಡಬೇಕು. ಆ ವಾಯುವೂ ಮೀನಿಗೆ ವಿಷವೇ.

ಊರು ಸೇರಿದ ಮೇಲೆ ಮೊದಲ ಕೆಲಸ ತೊಟ್ಟಿಯ ಸ್ಥಾನವನ್ನು ನೋಡುವುದು. ಕಿಟಕಿಯ ಬಿಸಿಲು ಬೀಳದ, ಗೋಡೆಗೆ ಸಮೀಪವಾದ, ಸಮತಟ್ಟಾದ ನೆಲವೇ ಒಳ್ಳೆಯದು. ಪೀಠದ ಮೇಲೆ ತೆಳುವಾದ ತರ್ಮಾಕೋಲಿನ ಹಲಗೆಯನ್ನು ಹಾಸಿದರೆ ಸಣ್ಣ ಏರುತಗ್ಗುಗಳಿಂದ ಗಾಜು ಬಿರಿಯುವುದು ತಪ್ಪುತ್ತದೆ. ಒಯ್ದ ನೀರನ್ನೂ ಕಲ್ಲುಗಳನ್ನೂ ಹಾಕಿ, ಸ್ಪಂಜನ್ನು ಕೂಡಲೆ ಜೋಡಿಸಿ ಪಂಪನ್ನು ನಡೆಸಬೇಕು. ವಿದ್ಯುತ್ ತಂತಿಯು ಗೋಡೆಯ ಬಿಲ್ಲೆಗಿಂತ ಸ್ವಲ್ಪ ಕೆಳಕ್ಕೆ ಜೋತುಬಿದ್ದು ಮೇಲೇರುವಂತಿದ್ದರೆ, ತಂತಿಯ ಮೇಲೆ ಹರಿದ ನೀರು ಬಿಲ್ಲೆಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ನೀರಿಗೆ ಕೈ ಹಾಕುವ ಮುನ್ನ ವಿದ್ಯುತ್ತನ್ನು ತೆಗೆಯುವುದನ್ನು ಮನೆಯ ಮಕ್ಕಳಿಗೂ ಕಲಿಸತಕ್ಕದ್ದು.

ಕಡಿಮೆಯಾದ ನೀರಿಗೆ ಊರಿನ ನೀರನ್ನು ಸೇರಿಸಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಮೀನನ್ನೂ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಅಂಥ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟು ಬಳಸುವುದು, ಇಲ್ಲವೆ ಹೈಪೊ ಎಂದು ಮೀನಿನ ಅಂಗಡಿಗಳಲ್ಲಿ ಮಾರುವ ಹರಳನ್ನು ಅದರ ಪೊಟ್ಟಣದಲ್ಲಿ ಹೇಳಿದ ಅಳತೆಯಲ್ಲಿ ಹಾಕುವುದು. ಕೊಳವೆ ಬಾವಿಯ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಆದರೆ ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕವು ಕಡಿಮೆ, ಇಂಗಾಲಾಮ್ಲ ವಾಯುವು ಹೆಚ್ಚು. ಎರಡು ಕೊಡಗಳ ನಡುವೆ ಎತ್ತರದಿಂದ ಹತ್ತಾರು ಸಲ ಹೊಯ್ದು, ಕೆಲವು ಗಂಟೆ ಬಿಟ್ಟು ಬಳಸಿದರೆ ಆ ದೋಷ ಹೋಗುತ್ತದೆ. ಕುದಿಸಿದ ಪಾತ್ರೆಯಲ್ಲಿ ಬಿಳಿಯ ಹೊರೆ ಕಟ್ಟುವಷ್ಟು ಗಡಸು ನೀರಾದರೆ, ಮೊದಲ ದಿನ ಆದಷ್ಟು ಕಡಿಮೆ ಸೇರಿಸಿ, ಉಳಿದುದನ್ನು ಒಂದು ವಾರದಲ್ಲಿ ದಿನಕ್ಕೊಂದು ಬಿಂದಿಗೆಯಂತೆ ತುಂಬುವುದು ಲೇಸು. ತೊಟ್ಟಿ ಅರ್ಧ ತುಂಬಿದ್ದರೆ ನೋಡುವುದಕ್ಕೆ ಚೆನ್ನಾಗಿಲ್ಲವೆಂದು ಮನೆಯವರು ಆಕ್ಷೇಪಿಸಬಹುದು. ಒಂದು ವಾರ ಸಹಿಸಿಕೊಳ್ಳಬೇಕು.

ಚೀಲವನ್ನು ತೊಟ್ಟಿಯ ನೀರಿನ ಮೇಲೆ ಕಾಲು ಗಂಟೆ ತೇಲಬಿಟ್ಟರೆ ಎರಡರ ಶಾಖವೂ ಸಮವಾಗುತ್ತದೆ. ಬಳಿಕ ಚೀಲವನ್ನು ಬಿಚ್ಚಿ, ಮೀನುಗಳನ್ನು ಬಲೆಯಿಂದೆತ್ತಿ ತೊಟ್ಟಿಗೆ ಬಿಟ್ಟು, ಚೀಲದ ನೀರನ್ನು ಹೊರಗೆ ಚೆಲ್ಲಬೇಕು. ಒಂದೆರಡು ಗಂಟೆಯ ಪ್ರಯಾಣವಾದರೆ ಬಿಚ್ಚಿದ ಚೀಲಕ್ಕೆ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತಾ ಅರ್ಧ ಗಂಟೆ ಕಳೆದು ಬಿಡುವುದಕ್ಕೆ ಅಡ್ಡಿಯಿಲ್ಲ. ಆದರೆ ದೂರದ ಊರಿನಿಂದ ದಿನವಿಡೀ ಮುಚ್ಚಿದ ಚೀಲದಲ್ಲಿ ಬಂದ ಮೀನಿನ ವಿಷಯದಲ್ಲಿ ಹಾಗೆ ನಿಧಾನ ಮಾಡಕೂಡದು. ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡಿ ಬಿಟ್ಟ ಇಂಗಾಲಾಮ್ಲವು ನೀರನ್ನು ಆಮ್ಲವಾಗಿಸಿ ಅಮೋನಿಯವನ್ನು ಸೌಮ್ಯರೂಪದಲ್ಲಿ ಕಟ್ಟಿಹಾಕಿರುತ್ತದೆ. ಬಾಯಿ ಬಿಚ್ಚಿದೊಡನೆ ಆ ವಾಯು ಹೊರಟುಹೋಗಿ, ಕಟ್ಟು ಬಿಚ್ಚಿದಂತಾಗಿ, ವಿಷವು ಮೇಲೇಳುತ್ತದೆ. ಅಲ್ಲಿ ಬೇಗನೆ ಹೊರಕ್ಕೆ ತೆಗೆಯುವುದೇ ರಕ್ಷಣೆ.

ಆ ದಿನ ಆಹಾರ ಬೇಡ, ದೀಪವೂ ಬೇಡ. ಮರುದಿನದಿಂದ ಎರಡು ವಾರದ ತನಕ ಮೊದಲು ಹಾಕುತ್ತಿದ್ದುದರ ಅರ್ಧದಷ್ಟನ್ನೇ ಹಾಕುವುದು. ಎಷ್ಟೇ ಜಾಗ್ರತೆಯಿಂದ ತಂದರೂ ಸೂಕ್ಷ್ಮಜೀವಿಗಳಲ್ಲಿ ಒಂದು ಪಾಲು ನಷ್ಟವಾಗಿರುತ್ತದೆ. ಉಳಿದವು ವೃದ್ಧಿಯಾಗುವ ತನಕ ಅವುಗಳ ಮೇಲೆ ಹೊರೆ ಹಾಕಬಾರದು. ಅಮೋನಿಯವನ್ನು ಪರೀಕ್ಷಿಸುವ ಸಣ್ಣ ಸೀಸೆಗಳು ಮೀನಿನ ಅಂಗಡಿಗಳಲ್ಲಿ ದೊರೆಯುತ್ತವೆ. ಅವು ಇಲ್ಲದಲ್ಲಿ ಮೀನುಗಳೇ ಸಾಕ್ಷಿ: ಬೆಳಗ್ಗೆ ಎದ್ದು ನೋಡಿದಾಗ ಅವು ನೀರಿನ ಮೇಲ್ಮೈಯಲ್ಲಿ ಬಾಯಿ ಬಿಡುತ್ತಿದ್ದರೆ ಕಾಲುಭಾಗ ನೀರನ್ನು ಬದಲಿಸತಕ್ಕದ್ದು. ವಿದ್ಯುತ್ತು ಹೋದಾಗ ಚೊಂಬಿನಿಂದ ನೀರನ್ನು ತೆಗೆದು ಒಂದು ಮೊಳ ಎತ್ತರದಿಂದ ಮತ್ತೆ ಅದರಲ್ಲಿಯೇ ಹೊಯ್ಯುತ್ತಿದ್ದರೆ ಗಾಳಿ ಬೆರೆಯುತ್ತದೆ. ಮುಚ್ಚಿದ ಡಬ್ಬಿಯ ಶೋಧಕವು ಬಹು ಗಂಟೆಗಳ ಕಾಲ ನಿಂತಿದ್ದರೆ, ಅದರೊಳಗಿನ ಕೊಳೆತ ನೀರನ್ನು ಚೆಲ್ಲಿದ ಮೇಲೆಯೇ ಮತ್ತೆ ನಡೆಸಬೇಕು.

ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿ ನೈಟ್ರೇಟು ಇರುವುದರಿಂದ, ಉಪ್ಪನ್ನಾಗಲಿ ಔಷಧವನ್ನಾಗಲಿ ಬೆರೆಸಿಲ್ಲದಿದ್ದರೆ, ತೆಂಗು ಬಾಳೆಗಳ ಬುಡಕ್ಕೂ ಹೂವಿನ ಗಿಡಗಳಿಗೂ ಹಾಕಬಹುದು. ಕೆರೆಗೆ, ಕಾಲುವೆಗೆ, ಬಾವಿಗೆ, ಕಲ್ಯಾಣಿಗೆ ಮಾತ್ರ ಚೆಲ್ಲಕೂಡದು. ಗ್ರಾಮದ ಮುಖಂಡರು ಈ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಇಲ್ಲಿ ಕೇಡು ಒಂದು ಮನೆಯದಲ್ಲ, ಊರಿನದು. ಕೊಂಡವರಿಗೆ ಬೇಸರವಾದಾಗ, ಅಥವಾ ಮೀನು ತೊಟ್ಟಿಗೆ ಮೀರಿ ಬೆಳೆದಾಗ, ಕೊಲ್ಲಲು ಮನಸ್ಸು ಬಾರದೆ ಪುಣ್ಯವೆಂದು ಭಾವಿಸಿ ಕೆರೆಗೆ ಬಿಡುವುದುಂಟು. ನೇರಳೆ ಹೂವಿನ ಅಂತರಗಂಗೆಯೆಂದು ಜನರು ಕರೆಯುವ ನೀರ್ಗಳೆಯು ಭಾರತಕ್ಕೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹೂವಿನ ಅಂದಕ್ಕಾಗಿ ತರಲ್ಪಟ್ಟ ದಕ್ಷಿಣ ಅಮೆರಿಕದ ಗಿಡ. ಇಂದು ಎಷ್ಟು ಕೆರೆಗಳ ನೀರು ಅದರ ಕೆಳಗೆ ಮುಚ್ಚಿಹೋಗಿದೆಯೆಂಬುದು ಕಣ್ಣೆದುರಿಗೇ ಇದೆ. 1952ರಲ್ಲಿ ತಂದ ತಿಲಾಪಿಯ ಮೀನು ತಾನೇ ತಾನಾಗಿ ಮರಿಹಾಕಿ ತುಂಬಿಕೊಂಡ ಕೆರೆಗಳಲ್ಲಿ ಕಾಟ್ಲ, ರೋಹು ಮರಿಗಳಿಗೆ ಬೇಕಾದ ಮೇವೂ ಜಾಗವೂ ಕಡಿಮೆಯಾದವು.

ಗಾಜುತೊಟ್ಟಿಯಿಂದ ಬರುವ ಅಪಾಯಗಳಲ್ಲಿ ಮುಖ್ಯವಾದುದು, ಪಾಚಿ ತಿನ್ನುವುದೆಂದು ಎಲ್ಲ ಅಂಗಡಿಗಳಲ್ಲಿಯೂ ಮಾರುವ, ಮೈಮೇಲೆ ಗಟ್ಟಿ ಚಿಪ್ಪಿನ ತಟ್ಟೆಗಳುಳ್ಳ ಸಕ್ಕರ್ ಮೀನು. ಇದೂ ದಕ್ಷಿಣ ಅಮೆರಿಕದ್ದೇ. ಕೊಳ್ಳುವಾಗ ಬೆರಳುದ್ದವಿರುವುದು ಕೆಲವು ವರ್ಷಗಳಲ್ಲಿ ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಕೆರೆ ಸೇರಿದರೆ ಮೊಟ್ಟೆಯಿಡುವುದಕ್ಕಾಗಿ ದಡದ ಮಣ್ಣಿನಲ್ಲಿ ಬಿಲ ತೋಡುತ್ತದೆ. ಮಣ್ಣಿನ ಏರಿಗೆ ಬಿಲವೆಂದರೇನೆಂಬುದನ್ನು ಹೇಳಬೇಕಾಗಿಲ್ಲ. ಅದರ ಗಡುಸಾದ ಮುಳ್ಳುಗಳಿಗೆ ಸಿಕ್ಕಿ ಬಲೆಗಳು ಹರಿಯುವುದರಿಂದ ಕೆರೆಯ ಮೀನನ್ನು ಗುತ್ತಿಗೆಗೆ ಹಿಡಿದವರಿಗೂ ನಷ್ಟ. ತಿನ್ನುವವರೂ ಇಲ್ಲ. ಆಫ್ರಿಕದ ಮೀಸೆಮೀನು ಇನ್ನೊಂದು. ಇತರ ಮೀನುಗಳನ್ನು ನುಂಗುವ ಇದರ ಸಾಕಣೆಯು ಭಾರತದಲ್ಲಿ ನಿಷಿದ್ಧವಾಗಿದೆ.

ಆದುದರಿಂದ ಹಳೆಯ ತೊಟ್ಟಿಯನ್ನು ಕೊಳ್ಳುವವರು ಮೀನುಗಳೆಲ್ಲವನ್ನೂ ಒಪ್ಪಿಕೊಳ್ಳಬೇಕೆಂಬ ನಿಯಮವಿಲ್ಲ. ಒಂದು ಅಡಿ ಬೆಳೆಯುವ ಸಕ್ಕರ್, ಆಸ್ಕರ್ ಮುಂತಾದುವು ಮೂರು ಅಡಿಯ ತೊಟ್ಟಿಯಲ್ಲಿ ಸುಖವಾಗಿರಲಾರವು. ಅವನ್ನು ಪಟ್ಟಣದ ಮೀನಿನ ಅಂಗಡಿಗೆ ಹಿಂದಿರುಗಿಸಿಯೋ, ದೊಡ್ಡ ತೊಟ್ಟಿಯುಳ್ಳ ಬೇರೆಯವರಿಗೆ ಕೊಟ್ಟೋ ಬಿಡುವಂತೆ ಮಾರುವವರೊಡನೆ ಹಣ ಕೊಡುವುದಕ್ಕೆ ಮುಂಚೆಯೇ ಮಾತಾಡಿಕೊಳ್ಳುವುದು ಉತ್ತಮ. ಬೇಡವಾದ ಗಿಡಗಳನ್ನೂ ಬಸವನಹುಳುಗಳನ್ನೂ ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕತಕ್ಕದ್ದು.